ನಿಮಗಿದು ಗೊತ್ತೇ? ಹಿರಿಯರಿಗೆ ಸರ್ಕಾರ ಕೊಡುವುದೇನು, ಕೊಡಬೇಕಾದ್ದೇನು

● ಬಡತನ ರೇಖೆಗಿಂತ ಕೆಳಗಿರುವ 60ರಿಂದ 79 ವರ್ಷದ ಹಿರಿಯರಿಗೆ ವೃದ್ಧಾಪ್ಯ ವೇತನವೆಂದು ಕೇಂದ್ರ ಸರ್ಕಾರ ತನ್ನ ಪಾಲಿನಿಂದ ಕೊಡುವುದು ತಿಂಗಳಿಗೆ 200 ರೂಪಾಯಿ. ದಿನಕ್ಕೆ ಏಳು ರೂಪಾಯಿಯೂ ಇಲ್ಲ. ಈ ಮೊತ್ತ ನಿಗದಿಯಾದದ್ದು 2006–07ರಲ್ಲಿ. ಅಲ್ಲಿಂದೀಚೆಗೆ ಅಕ್ಕಿ, ಬೇಳೆ, ಬಿ.ಪಿ. ಮಾತ್ರೆ, ಬಸ್ ಚಾರ್ಜು ಎಲ್ಲವೂ ಏರಿವೆ. 200 ಮಾತ್ರ 200 ಆಗಿಯೇ ಉಳಿದಿದೆ. 80 ದಾಟಿದವರಿಗೆ 500 ರೂಪಾಯಿ. ಅದೂ 2011ರಿಂದ ಬದಲಾಗಿಲ್ಲ. ಇದನ್ನು ಹೆಚ್ಚಿಸಿ ಎಂದು ಸಂಸತ್ತಿನ ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿ ಮತ್ತೆ ಮತ್ತೆ ಹೇಳಿದೆ.

● ಈ ಯೋಜನೆ ಆರಂಭವಾದದ್ದು 1995ರ ಆಗಸ್ಟ್ 15ರಂದು. ಆಗ ಕೊಡುತ್ತಿದ್ದುದು 75 ರೂಪಾಯಿ, ಅದೂ 65 ತುಂಬಿದವರಿಗೆ. 2007ರ ನವೆಂಬರ್ 19ರಂದು ಇದಕ್ಕೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಎಂಬ ಹೆಸರು ಬಂತು. ವಯಸ್ಸಿನ ಮಿತಿ 60ಕ್ಕೆ ಇಳಿದದ್ದು 2011ರಲ್ಲಿ.

● ಅರ್ಹರೆಲ್ಲರಿಗೂ ಕೇಂದ್ರದ ಹಣ ಸಿಗುತ್ತದೆ ಅಂದುಕೊಂಡಿದ್ದೀರಾ? ಇಲ್ಲ. ಇಡೀ ದೇಶಕ್ಕೆ ಸುಮಾರು 2.21 ಕೋಟಿ ಮಂದಿ ಎಂದು ಮಿತಿ ಇದೆ. ಆ ಮಿತಿ ಹಾಕಿದ್ದು 2001ರ ಜನಗಣತಿ ಮತ್ತು 2004–05ರ ಬಡತನದ ಅಂದಾಜನ್ನು ಹಿಡಿದು. ಅವತ್ತು ನಲವತ್ತರ ಹರೆಯದಲ್ಲಿದ್ದು ಕೂಲಿ ಮಾಡುತ್ತಿದ್ದವರು ಇವತ್ತು ಅರವತ್ತು ದಾಟಿದ್ದಾರೆ. ಲೆಕ್ಕದ ಪಟ್ಟಿ ಮಾತ್ರ ಅಂದಿನದೇ. ಉಳಿದವರನ್ನು ನೋಡಿಕೊಳ್ಳುವ ಭಾರ ರಾಜ್ಯಗಳ ತಲೆಯ ಮೇಲೆ ಬಿದ್ದಿದೆ.

● ಕೇಂದ್ರ ಸರ್ಕಾರಿ ನೌಕರಿಯಿಂದ ನಿವೃತ್ತರಾದವರಿಗೆ 80 ತುಂಬಿದಾಗ ಮೂಲ ಪಿಂಚಣಿಯ ಮೇಲೆ ಶೇ 20 ಹೆಚ್ಚು ಸಿಗುತ್ತದೆ. 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50. ನೂರು ತುಂಬಿದರೆ ಮೂಲ ಪಿಂಚಣಿ ಇಮ್ಮಡಿ. ವಯಸ್ಸಾದಂತೆ ಖರ್ಚು ಏರುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿದೆ, ಅದು ಸರಿಯಾದ ತಿಳಿವಳಿಕೆ. ಹೊಲದಲ್ಲಿ ಕಳೆ ಕಿತ್ತು ಮುದುಕಿಯಾದವಳ ವಿಷಯದಲ್ಲೂ ಅದೇ ತಿಳಿವಳಿಕೆ ಬೇಕೆಂದು ಕೇಳುವುದು ಅತಿಯಾಸೆಯಲ್ಲ.

● ವೃದ್ಧಾಪ್ಯದಲ್ಲಿ ನೆರವು ಕೊಡುವುದು ದಾನಧರ್ಮದ ಮಾತಲ್ಲ, ಸಂವಿಧಾನದ ಮಾತು. ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆ, ಅಂಗವೈಕಲ್ಯಗಳಲ್ಲಿ ಸಾರ್ವಜನಿಕ ನೆರವು ಒದಗಿಸಲು ಸರ್ಕಾರ ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಪರಿಣಾಮಕಾರಿ ವ್ಯವಸ್ಥೆ ಮಾಡಬೇಕೆಂದು 41ನೇ ವಿಧಿ ಹೇಳುತ್ತದೆ. ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಇರುವುದರಿಂದ ಇದನ್ನು ಹಿಡಿದು ನೇರವಾಗಿ ಕೋರ್ಟಿಗೆ ಹೋಗಲಾಗದು. ವೃದ್ಧಾಪ್ಯ ಪಿಂಚಣಿ ಸಮವರ್ತಿ ಪಟ್ಟಿಯಲ್ಲಿದೆ. ಅಂದರೆ ಕೇಂದ್ರ, ರಾಜ್ಯ ಎರಡಕ್ಕೂ ಹೊಣೆಯುಂಟು.

● ಸ್ವತಂತ್ರ ಭಾರತದಲ್ಲಿ ವೃದ್ಧಾಪ್ಯ ವೇತನ ಕೊಡಲು ಮೊದಲು ಮುಂದಾದ ರಾಜ್ಯ ಉತ್ತರ ಪ್ರದೇಶ, 1957ರಲ್ಲಿ. ಕೇಂದ್ರದ ಯೋಜನೆ ಬರುವುದಕ್ಕೆ ಮೂವತ್ತೆಂಟು ವರ್ಷ ಮೊದಲು.

● ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆ 2007ರದು. 65 ದಾಟಿದ ಸಣ್ಣ ಹಾಗೂ ಅತಿ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು ಮತ್ತು ಅಸಂಘಟಿತ ವಲಯದ ಕಾರ್ಮಿಕರನ್ನು ಮನಸ್ಸಿನಲ್ಲಿಟ್ಟು ರೂಪಿಸಿದ್ದು. 400 ರೂಪಾಯಿಯಿಂದ ಆರಂಭವಾಗಿ, 2018ರ ನಂತರ 1,000ಕ್ಕೆ, 2021ರಲ್ಲಿ 1,200ಕ್ಕೆ ಏರಿತು. ದಿನಕ್ಕೆ 40 ರೂಪಾಯಿ. ಇದರಲ್ಲಿ ಬದುಕು ಸಾಗದು, ನಿಜ. ಆದರೂ ಹಳ್ಳಿಯ ಎಷ್ಟೋ ಅಜ್ಜಿಯರಿಗೆ ಮಗನ ಮುಂದೆ ಕೈಚಾಚದೆ ಎಲೆ ಅಡಿಕೆ ಕೊಳ್ಳಲು, ಮೊಮ್ಮಗುವಿನ ಕೈಗೆ ಹತ್ತು ರೂಪಾಯಿ ಇಡಲು ಇರುವ ದುಡ್ಡು ಇದೊಂದೇ. ಅದು ತಿಂಗಳು ತಪ್ಪಿದಾಗ ಅವರ ಮುಖ ನೋಡಿದವರಿಗೆ ಅದರ ಬೆಲೆ ಗೊತ್ತು.

● ಪಕ್ಕದ ಆಂಧ್ರಪ್ರದೇಶದಲ್ಲಿ ವೃದ್ಧಾಪ್ಯ ಪಿಂಚಣಿ 2024ರಿಂದ ತಿಂಗಳಿಗೆ 4,000 ರೂಪಾಯಿ. ಅದಕ್ಕಿಂತ ಮುಖ್ಯವಾದ ಸಂಗತಿ, ಒಂದನೇ ತಾರೀಖಿಗೆ ಗ್ರಾಮ, ವಾರ್ಡ್ ಸಚಿವಾಲಯಗಳ ಸಿಬ್ಬಂದಿಯೇ ಹಣ ಹಿಡಿದು ಮನೆ ಬಾಗಿಲಿಗೆ ಹೋಗುತ್ತಾರೆ. ಕೇರಳ 2025ರ ನವೆಂಬರಿನಿಂದ 1,600ನ್ನು 2,000 ಮಾಡಿತು. ಗಡಿ ತಾಲ್ಲೂಕುಗಳಲ್ಲಿ ಅತ್ತ ಇತ್ತ ನೆಂಟಸ್ತನ ಇರುವ ಮನೆಗಳಲ್ಲಿ ಈ ಅಂತರ ಯಾರೂ ಹೇಳಿಕೊಡದೆಯೇ ಗೊತ್ತಾಗುತ್ತದೆ.

● ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕುವುದು ನಾಡಕಚೇರಿಯಲ್ಲಿ. ಜನನ ಪತ್ರ ಇಲ್ಲ, ಶಾಲೆಯ ಮೆಟ್ಟಿಲು ಹತ್ತಿಲ್ಲ, ಹುಟ್ಟಿದ್ದು ಯಾವ ವರ್ಷವೋ ತಿಳಿಯದು ಅನ್ನುವ ಹಿರಿಯರೇ ಹೆಚ್ಚು. ಅಂಥವರಿಗೆ ಮತದಾರರ ಗುರುತಿನ ಚೀಟಿ, ಪಡಿತರ ಚೀಟಿಗಳನ್ನು ವಯಸ್ಸಿನ ದಾಖಲೆಯಾಗಿ ಪರಿಗಣಿಸಬಹುದು. ಅವೂ ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಯಿಂದ ವಯಸ್ಸಿನ ಪ್ರಮಾಣಪತ್ರ ಪಡೆಯಬಹುದೆಂದು ಕೇಂದ್ರದ ಮಾರ್ಗಸೂಚಿಯೇ ಹೇಳುತ್ತದೆ. ದಾಖಲೆ ಇಲ್ಲ ಎಂಬ ಕಾರಣಕ್ಕೆ ಯಾರಾದರೂ ವಾಪಸ್ ಕಳಿಸಿದರೆ ಈ ಮಾತು ನೆನಪಿಸಿ.

● ಜಗತ್ತಿನಲ್ಲಿ ದೇಶದ ಮಟ್ಟದ ವೃದ್ಧಾಪ್ಯ ವಿಮೆಯನ್ನು ಮೊದಲು ತಂದದ್ದು ಜರ್ಮನಿ, 1889ರಲ್ಲಿ, ಬಿಸ್ಮಾರ್ಕ್ ಕಾಲದಲ್ಲಿ. ಪಿಂಚಣಿಯ ವಯಸ್ಸು 65 ಎಂದು ಆತನೇ ಇಟ್ಟ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಆತ ಇಟ್ಟದ್ದು 70. ಅದು 65ಕ್ಕೆ ಇಳಿದದ್ದು 1916ರಲ್ಲಿ, ಬಿಸ್ಮಾರ್ಕ್ ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ.

● ಬ್ರಿಟನ್ನಿನಲ್ಲಿ ವೃದ್ಧಾಪ್ಯ ಪಿಂಚಣಿ ಮೊದಲು ಕೈಸೇರಿದ್ದು 1909ರ ಜನವರಿ 1ರಂದು. 70 ದಾಟಿದವರಿಗೆ ವಾರಕ್ಕೆ ಐದು ಶಿಲಿಂಗ್, ಅದೂ ಅಂಚೆ ಕಚೇರಿಯಲ್ಲಿ. ಅದಕ್ಕೂ ಮೊದಲು ಗತಿಯಿಲ್ಲದ ಮುದುಕರಿಗಿದ್ದ ದಾರಿ ದುಡಿಮೆ ಮನೆಗಳದು. ಅಲ್ಲಿ ಗಂಡ ಹೆಂಡತಿಯನ್ನೂ ಬೇರೆ ಬೇರೆ ಇಡುತ್ತಿದ್ದರು. ಆ ಐದು ಶಿಲಿಂಗ್ ಎಷ್ಟೋ ಮುದಿ ದಂಪತಿಗಳನ್ನು ಅವರವರ ಮನೆಯಲ್ಲೇ ಉಳಿಸಿತು.

● 2011ರ ಜನಗಣತಿಯಲ್ಲಿ ಭಾರತದ 60 ದಾಟಿದವರ ಸಂಖ್ಯೆ ಸುಮಾರು 10.4 ಕೋಟಿ. 2031ಕ್ಕೆ ಅದು 19 ಕೋಟಿ ಮೀರುವ ಅಂದಾಜಿದೆ. ಕರ್ನಾಟಕದಲ್ಲಿ 2011ರಲ್ಲಿ ನೂರರಲ್ಲಿ ಒಂಬತ್ತೂವರೆ ಮಂದಿ ಹಿರಿಯರಿದ್ದರು. 2031ಕ್ಕೆ ನೂರಕ್ಕೆ ಹದಿನೈದು. ಕೇರಳದಲ್ಲಂತೂ ಐವರಲ್ಲಿ ಒಬ್ಬರು.

● ಇದಕ್ಕೆ ಆಯುಸ್ಸು ಹೆಚ್ಚಿದ್ದು ಒಂದು ಕಾರಣವಾದರೆ, ಹುಟ್ಟುವ ಮಕ್ಕಳು ಕಡಿಮೆಯಾದದ್ದು ಇನ್ನೊಂದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಈಗಿನಷ್ಟೇ ಉಳಿಯಬೇಕಾದರೂ 2.1 ಬೇಕು. ನಾಲ್ಕು ಮಕ್ಕಳಲ್ಲಿ ಒಬ್ಬರಾದರೂ ಅಪ್ಪ ಅಮ್ಮನ ಜೊತೆ ಇರುತ್ತಿದ್ದ ಕಾಲದ ಲೆಕ್ಕಾಚಾರ, ಒಂದೇ ಮಗು ಪರದೇಶದಲ್ಲಿರುವ ಮನೆಗೆ ಹೊಂದುವುದಿಲ್ಲ. ಮಕ್ಕಳು ನೋಡಿಕೊಳ್ಳುತ್ತಾರೆ ಎಂದು ಸರ್ಕಾರ ಸುಮ್ಮನಿರುವ ಕಾಲ ಮುಗಿದಿದೆ.

● ಭಾರತದ ಹಿರಿಯ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡನನ್ನು ಕಳೆದುಕೊಂಡವರು. ಇದನ್ನು ತಿಳಿಸಿದ ಲಾಸಿ ಎಂಬ ಅಧ್ಯಯನ 45 ದಾಟಿದ 72 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಮನೆಮನೆಗೆ ಹೋಗಿ ಮಾತಾಡಿಸಿ ಮಾಡಿದ್ದು. ಜಗತ್ತಿನಲ್ಲಿ ಇಂಥ ಅಧ್ಯಯನಗಳಲ್ಲೇ ದೊಡ್ಡದು.

● ಇನ್ನು ಕಾನೂನಿನ ವಿಷಯಕ್ಕೆ ಬರೋಣ. ಇಲ್ಲಿ ಗೊತ್ತಿರಬೇಕಾದ್ದು ಬಹಳ, ಗೊತ್ತಿರುವವರು ಕಡಿಮೆ. ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಬಂದದ್ದು 2007ರಲ್ಲಿ. ಕರ್ನಾಟಕದಲ್ಲಿ ಜಾರಿಯಾದದ್ದು 2008ರ ಏಪ್ರಿಲ್ 1ರಿಂದ. ತಮ್ಮ ಸಂಪಾದನೆಯಿಂದ ಅಥವಾ ಆಸ್ತಿಯಿಂದ ಬದುಕಲಾಗದ ತಂದೆ ತಾಯಿ, ಮಕ್ಕಳಿಂದ ಜೀವನಾಂಶ ಕೇಳಬಹುದು. ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಲ್ಲರ ಮೇಲೂ ಹೊಣೆ ಇದೆ. ಮದುವೆಯಾಗಿ ಹೋದ ಮಗಳಿಗೆ ವಿನಾಯಿತಿ ಇಲ್ಲ. ಅಪ್ರಾಪ್ತರನ್ನು ಮಾತ್ರ ಬಿಟ್ಟಿದ್ದಾರೆ. ಅಪ್ಪನಿಗೋ ಅಮ್ಮನಿಗೋ 60 ತುಂಬಿರಲೇಬೇಕು ಎಂದೂ ಇಲ್ಲ. ಮಲತಂದೆ, ಮಲತಾಯಿಯೂ ಕೇಳಬಹುದು.

● ಮಕ್ಕಳಿಲ್ಲದ ಹಿರಿಯರ ಗತಿ? ಅದಕ್ಕೂ ಉತ್ತರವಿದೆ. ಅವರ ಆಸ್ತಿ ಈಗ ಯಾರ ವಶದಲ್ಲಿದೆಯೋ ಅಥವಾ ಮುಂದೆ ಯಾರಿಗೆ ಸೇರುತ್ತದೋ ಆ ಸಂಬಂಧಿಕ ಅವರನ್ನು ನೋಡಿಕೊಳ್ಳಬೇಕು.

● ದೂರು ಕೊಡಲು ದೊಡ್ಡ ಕೋರ್ಟಿಗೆ ಅಲೆಯಬೇಕಿಲ್ಲ. ಉಪವಿಭಾಗಾಧಿಕಾರಿಯೇ, ಅಂದರೆ ಜನ ಎಸಿ ಸಾಹೇಬರು ಎನ್ನುವ ಅಧಿಕಾರಿಯೇ, ಇದರ ನ್ಯಾಯಮಂಡಳಿಯ ಅಧ್ಯಕ್ಷರು. ತಾವಿರುವ ಊರಲ್ಲಾಗಲಿ, ಹಿಂದೆ ಇದ್ದ ಊರಲ್ಲಾಗಲಿ, ಮಕ್ಕಳಿರುವ ಊರಲ್ಲಾಗಲಿ ಅರ್ಜಿ ಹಾಕಬಹುದು. ನಡೆದಾಡಲಾಗದವರ ಪರವಾಗಿ ಬೇರೊಬ್ಬರು ಅಥವಾ ಒಂದು ಸಂಸ್ಥೆ ಹಾಕಬಹುದು. ಯಾರೂ ಹಾಕದಿದ್ದರೂ ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬಹುದು. ಜೀವನಾಂಶದ ಅರ್ಜಿಯನ್ನು ನೋಟಿಸ್ ಜಾರಿಯಾದ 90 ದಿನದೊಳಗೆ ಇತ್ಯರ್ಥಪಡಿಸಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ತೀರ್ಪು ಒಪ್ಪಿಗೆಯಾಗದ ಹಿರಿಯರು 60 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕಬಹುದು.

ವಕೀಲರಿಲ್ಲದೆ ಹಿರಿಯರೇ ನಿಂತು ತಮ್ಮ ಕಷ್ಟ ಹೇಳಿಕೊಳ್ಳಲಿ ಎಂದು ಕಾಯ್ದೆಯ 17ನೇ ಸೆಕ್ಷನ್ ವಕೀಲರನ್ನು ಹೊರಗಿಟ್ಟಿತು. ಕೆಲವು ಹೈಕೋರ್ಟುಗಳು ಈ ನಿರ್ಬಂಧವನ್ನು ಒಪ್ಪಿಲ್ಲ. ಆದರೂ ಕಾಯ್ದೆಯ ಮನಸ್ಸು ಸ್ಪಷ್ಟ: ಖರ್ಚಿಲ್ಲದೆ, ಬೇಗ, ಹತ್ತಿರದಲ್ಲೇ ನ್ಯಾಯ ಸಿಗಬೇಕು.

● ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ. ಮಗನ ಸಂಬಳ ತಿಂಗಳಿಗೆ ಎರಡು ಲಕ್ಷವಿದ್ದರೂ ಈ ಕಾಯ್ದೆಯಡಿ ಅಷ್ಟೇ. ಈ ಮಿತಿಯನ್ನು ತೆಗೆದುಹಾಕುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು. ಅಳಿಯ, ಸೊಸೆಯನ್ನೂ ಹೊಣೆಗಾರರ ಪಟ್ಟಿಗೆ ಸೇರಿಸುವ, ಮನೆಯಲ್ಲೇ ಆರೈಕೆ ಕೊಡುವ ಸಂಸ್ಥೆಗಳಿಗೆ ನಿಯಮ ಮಾಡುವ ಪ್ರಸ್ತಾಪಗಳೂ ಅದರಲ್ಲಿದ್ದವು. ಲೋಕಸಭೆಯ ಅವಧಿ ಮುಗಿಯಿತು, ಮಸೂದೆಯೂ ಬಿದ್ದುಹೋಯಿತು. ಹತ್ತು ಸಾವಿರ ಈಗಲೂ ಹತ್ತು ಸಾವಿರವೇ.

● ಆಸ್ತಿ ಬರೆಸಿಕೊಂಡ ಮೇಲೆ ಅಪ್ಪ ಅಮ್ಮನನ್ನು ಹೊರಗೆ ಹಾಕಿದ ಕಥೆಗಳು ಪ್ರತಿ ತಾಲ್ಲೂಕಿನಲ್ಲೂ ಇವೆ. ಇಂಥ ದಾನಪತ್ರವನ್ನು ರದ್ದು ಮಾಡುವ ಅಧಿಕಾರ 23ನೇ ಸೆಕ್ಷನ್‌ನಲ್ಲಿದೆ. ಆದರೆ ಒಂದು ಷರತ್ತು. ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಕರಾರಿನ ಮೇಲೆ ಆಸ್ತಿ ಕೊಟ್ಟದ್ದೆಂದು ತೋರಿಸಬೇಕು. ಹಾಗೆ ಕರಾರು ಇರಲೇಬೇಕೆಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನ ತೀರ್ಪೊಂದರಲ್ಲಿ ಹೇಳಿತು. 2025ರ ಜನವರಿ 2ರ ಇನ್ನೊಂದು ತೀರ್ಪಿನಲ್ಲಿ, ಇದು ಹಿರಿಯರ ಒಳಿತಿಗಾಗಿ ಮಾಡಿದ ಕಾಯ್ದೆ, ಇದನ್ನು ಉದಾರವಾಗಿಯೇ ಅರ್ಥೈಸಬೇಕು ಎಂದಿತು. ಮಗನ ಹೆಸರಿಗೆ ಹೋಗಿದ್ದ ಆಸ್ತಿಯನ್ನು ತಾಯಿಗೆ ಮರಳಿಸಿತು. ಆಸ್ತಿಯ ಸ್ವಾಧೀನ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗಿದೆ ಎಂದಿತು.

ಆದ್ದರಿಂದ ಉಪನೋಂದಣಾಧಿಕಾರಿ ಕಚೇರಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಊಟ, ಬಟ್ಟೆ, ಔಷಧಿ, ವಾಸಕ್ಕೆ ಜಾಗ, ಇಷ್ಟನ್ನು ಬದುಕಿರುವವರೆಗೆ ಕೊಡಬೇಕೆಂದು ದಾನಪತ್ರದಲ್ಲಿ ಸ್ಪಷ್ಟವಾಗಿ ಬರೆಸಿ. ಮಕ್ಕಳ ಮೇಲೆ ಅನುಮಾನಪಟ್ಟಂತಾಗುತ್ತದೆ ಎಂದು ಸಂಕೋಚಪಡುವವರೇ ಬಹಳ ಮಂದಿ. ಒಳ್ಳೆಯ ಮಗನಿಗೆ ಆ ಸಾಲು ಭಾರವಾಗುವುದಿಲ್ಲ. ಇನ್ನೊಂದು ದಾರಿಯೂ ಇದೆ: ಈಗಲೇ ಬರೆದುಕೊಡುವ ಬದಲು ವಿಲ್ ಮಾಡಿಡುವುದು. ದಾನಪತ್ರ ನೋಂದಣಿಯಾದರೆ ಆಸ್ತಿ ಕೈಬಿಟ್ಟಂತೆ. ವಿಲ್ಲನ್ನು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು.

● ಇದೇ ಕಾಯ್ದೆಯನ್ನು ಸೊಸೆಯನ್ನು ಬೀದಿಗೆ ತಳ್ಳಲು ಬಳಸಬಹುದೇ? ಬೆಂಗಳೂರು ಉತ್ತರ ಉಪವಿಭಾಗದ ಪ್ರಕರಣವೊಂದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2020ರ ಡಿಸೆಂಬರ್ 15ರಂದು ತೀರ್ಪು ಬಂತು: ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸೊಸೆಗಿರುವ ವಾಸದ ಹಕ್ಕನ್ನು ಹಿರಿಯ ನಾಗರಿಕರ ಕಾಯ್ದೆ ಅಳಿಸಿಹಾಕುವುದಿಲ್ಲ, ಎರಡನ್ನೂ ಕೂಡಿಸಿ ಓದಬೇಕು. ನ್ಯಾಯವಾದ ಮಾತು. ಒಬ್ಬ ಹೆಂಗಸಿನ ರಕ್ಷಣೆಗೆ ಇನ್ನೊಬ್ಬ ಹೆಂಗಸಿನ ನೆಲೆ ಕಿತ್ತುಕೊಳ್ಳಬೇಕಿಲ್ಲ.

● ನೋಡಿಕೊಳ್ಳಬೇಕಾದವರು ಹಿರಿಯರನ್ನು ಎಲ್ಲಾದರೂ ಬಿಟ್ಟುಹೋದರೆ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಕಾಗದದ ಮೇಲಿನ ಮಾತಷ್ಟೇ ಆಗಬಾರದು. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯೊಂದರಲ್ಲೇ 150ಕ್ಕೂ ಹೆಚ್ಚು ಹಿರಿಯರನ್ನು ಮನೆಯವರು ಬಿಟ್ಟುಹೋಗಿದ್ದಾರೆಂದು 2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲರು ಹೇಳಿದರು. ಹೀಗೆ ಬಿಟ್ಟುಹೋದವರ ಮೇಲೆ ಉಪವಿಭಾಗಾಧಿಕಾರಿಗಳಿಗೆ ದೂರು ಕೊಡಬೇಕು, ಬರೆಸಿಕೊಂಡ ಆಸ್ತಿ ರದ್ದಾಗುವಂತೆ ನೋಡಿಕೊಳ್ಳಬೇಕು ಎಂದು ಸಂಸ್ಥೆಗಳ ಮುಖ್ಯಸ್ಥರಿಗೆ ಸೂಚಿಸಿದರು. ವಾರ್ಡಿನ ಹಾಸಿಗೆಯ ಮೇಲೆ ಗುಣವಾಗಿ ಕುಳಿತು, ಕರೆದೊಯ್ಯುವವರಿಗಾಗಿ ಬಾಗಿಲು ನೋಡುವುದಕ್ಕಿಂತ ದೊಡ್ಡ ಕಾಯಿಲೆ ಯಾವುದಿದೆ?

● ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರು ಇರಬಲ್ಲ ವೃದ್ಧಾಶ್ರಮವೊಂದನ್ನು ಹಂತಹಂತವಾಗಿ ಕಟ್ಟುವ ಮಾತೂ ಇದೇ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿದೆ. ಆದರೆ ರಾಜ್ಯಗಳಿಗೆ ಅದನ್ನು ಕಡ್ಡಾಯ ಮಾಡಿಲ್ಲ. ಮಕ್ಕಳ ಮೇಲೆ ಹೊಣೆ ಹೊರಿಸುವಾಗ ಇಷ್ಟು ಬಿಗಿಯಾಗಿರುವ ಕಾನೂನು, ಸರ್ಕಾರದ ಹೊಣೆ ಹೇಳುವಾಗ ಸಡಿಲವಾಗಿಬಿಟ್ಟಿದೆ.

● ಅಸ್ಸಾಂ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅಪ್ಪ ಅಮ್ಮನನ್ನು ನೋಡಿಕೊಳ್ಳದ ಸರ್ಕಾರಿ ನೌಕರರ ಸಂಬಳದಲ್ಲಿ ಶೇ 10 ಕಡಿದು ನೇರವಾಗಿ ಹೆತ್ತವರಿಗೆ ಕೊಡುವ ಕಾಯ್ದೆಯನ್ನು 2017ರಲ್ಲಿ ಮಾಡಿತು. ಅಂಗವಿಕಲ ಒಡಹುಟ್ಟಿದವರಿದ್ದರೆ ಶೇ 15. ಇಂಥ ಕಾನೂನುಗಳ ಸಾಲಿನಲ್ಲಿ ಸಿಂಗಪುರದ್ದು ಹಳೆಯದು, 1995ರದು.

● 70 ತುಂಬಿದ ಯಾರಿಗೇ ಆಗಲಿ, ಆದಾಯ ನೋಡದೆ, ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯ ಭದ್ರತೆಯನ್ನು ಕೇಂದ್ರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಅದೇ ಆಯುಷ್ಮಾನ್ ವಯ ವಂದನಾ ಕಾರ್ಡು. ಐದು ಲಕ್ಷ ಒಬ್ಬೊಬ್ಬರಿಗಲ್ಲ, ಮನೆಯಲ್ಲಿ 70 ದಾಟಿದ ಇಬ್ಬರಿದ್ದರೆ ಇಬ್ಬರಿಗೂ ಸೇರಿ. ಜಾರಿ ಮಾಡುವುದು ರಾಜ್ಯಗಳ ಕೈಯಲ್ಲಿರುವುದರಿಂದ ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಇದರಲ್ಲಿ ಒಂದು ಕೊರತೆ ಇದೆ. ಹಣ ಸಿಗುವುದು ಆಸ್ಪತ್ರೆಗೆ ಸೇರಿದರೆ ಮಾತ್ರ. ಹಿರಿಯರ ಜೇಬು ಖಾಲಿ ಮಾಡುವುದು ಒಂದು ದಿನದ ಆಪರೇಷನ್ ಅಲ್ಲ, ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ, ಮಂಡಿ ನೋವಿಗೆ ತಿಂಗಳು ತಿಂಗಳೂ ಕೊಳ್ಳುವ ಮಾತ್ರೆ. ಅದಕ್ಕೆ ಈ ಕಾರ್ಡು ನಡೆಯದು.

● 65 ದಾಟಿದವರಿಗೆ ಹೊಸದಾಗಿ ಆರೋಗ್ಯ ವಿಮೆ ಕೊಡುವುದಿಲ್ಲ ಎನ್ನಲು ಕಂಪನಿಗಳಿಗಿದ್ದ ವಯಸ್ಸಿನ ನೆಪ 2024ರ ಏಪ್ರಿಲ್‌ನಿಂದ ಹೋಯಿತು. ಹಿರಿಯರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಮೊದಲು ತನ್ನನ್ನು ಕೇಳಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2025ರಲ್ಲಿ ಹೇಳಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿಯೂ ಇಲ್ಲ.

● ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳಕ್ಕೂ ಹೆಚ್ಚು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಮರೆಗುಳಿ ಕಾಯಿಲೆ ಇದೆಯೆಂಬ ಅಂದಾಜು 2023ರಲ್ಲಿ ಪ್ರಕಟವಾಯಿತು. ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಸರ್ಕಾರ ಮಿದುಳಿನ ಆರೋಗ್ಯಕ್ಕೆಂದೇ ಕಾರ್ಯಕ್ರಮವೊಂದನ್ನು ನಡೆಸುತ್ತಿದೆ. ಪ್ರಾಥಮಿಕ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು, ಜಿಲ್ಲಾ ಆಸ್ಪತ್ರೆಗಳಲ್ಲಿ ಚಿಕಿತ್ಸಾಲಯ ತೆರೆಯುವುದು ಅದರ ಉದ್ದೇಶ. ‘ವಯಸ್ಸಾಯ್ತು, ಅರಳುಮರಳು’ ಎಂದು ಮನೆಯಲ್ಲೇ ಬಿಟ್ಟುಬಿಡುವವರು ಇನ್ನೂ ಬಹಳ. ಅರಳುಮರಳು ಎಂದುಕೊಂಡದ್ದರಲ್ಲಿ ಗುಣವಾಗುವ ಕಾರಣಗಳೂ ಇರುತ್ತವೆ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆಯಂಥವು. ಒಮ್ಮೆ ತೋರಿಸಿ.

● ಹಾಸಿಗೆ ಹಿಡಿದವರ ಆರೈಕೆ ಮಾಡುವುದು ಯಾರು? ನಮ್ಮಲ್ಲಿ ಉತ್ತರ ಒಂದೇ: ಮನೆಯ ಹೆಣ್ಣುಮಕ್ಕಳು, ಸಂಬಳವಿಲ್ಲದೆ, ರಜೆಯಿಲ್ಲದೆ. ಜಪಾನ್ 2000ದ ಏಪ್ರಿಲ್‌ನಲ್ಲಿ ಇದಕ್ಕೆಂದೇ ವಿಮೆ ತಂದಿತು. 40 ದಾಟಿದವರೆಲ್ಲ ಕಂತು ಕಟ್ಟಬೇಕು. ಖರ್ಚಿನ ಅರ್ಧ ಈ ಕಂತುಗಳಿಂದ, ಇನ್ನರ್ಧ ತೆರಿಗೆಯಿಂದ. ನಡೆಸುವುದು ಊರಿನ ಪುರಸಭೆ. ಹಿರಿಯರಿಗೆ ಎಷ್ಟು ನೆರವು ಬೇಕೆಂದು ಅಳೆದು ಏಳು ಹಂತಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಅದರಂತೆ ಸ್ನಾನ ಮಾಡಿಸುವವರು, ಊಟ ಮಾಡಿಸುವವರು ಮನೆಗೆ ಬರುತ್ತಾರೆ, ಹಗಲು ಕೇಂದ್ರದಲ್ಲಿ ನೋಡಿಕೊಳ್ಳುತ್ತಾರೆ. ಹೆಚ್ಚಿನವರು ತೆರಬೇಕಾದ್ದು ಖರ್ಚಿನ ಹತ್ತನೇ ಒಂದು ಪಾಲು. ಇದಕ್ಕೆ ಮೊದಲು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಆಸ್ಪತ್ರೆಯಲ್ಲೇ ತಿಂಗಳುಗಟ್ಟಲೆ ಉಳಿಯುವ ಹಿರಿಯರು ಅಲ್ಲಿ ದೊಡ್ಡ ಸಮಸ್ಯೆಯಾಗಿದ್ದರು. ಬೆಳಗಾವಿಯ ಸುದ್ದಿ ಓದಿದವರಿಗೆ ಇದು ಹೊಸದೆನಿಸದು. ಜರ್ಮನಿಯಲ್ಲಿ ಇಂಥ ವಿಮೆ 1995ರಲ್ಲೇ ಬಂತು, ದಕ್ಷಿಣ ಕೊರಿಯಾದಲ್ಲಿ 2008ರಲ್ಲಿ. ನಮ್ಮಲ್ಲಿ ಅದರ ಚರ್ಚೆ ಈಗಲೇ ಆರಂಭವಾಗಬೇಕು. ಹಿರಿಯರ ಸಂಖ್ಯೆ ಇಮ್ಮಡಿಸಿದ ಮೇಲೆ ಕಂತು ಕಟ್ಟಲು ಜನ ಸಾಲದೇ ಹೋಗುತ್ತಾರೆ.

● ಜಪಾನಿನಲ್ಲಿ ನೂರು ವರ್ಷ ತುಂಬಿದವರಿಗೆ ಸರ್ಕಾರ ಬೆಳ್ಳಿಯ ಬಟ್ಟಲು ಉಡುಗೊರೆ ಕೊಡುತ್ತದೆ. 1963ರಲ್ಲಿ ಈ ಪದ್ಧತಿ ಆರಂಭವಾದಾಗ ಇಡೀ ದೇಶದಲ್ಲಿ ಶತಾಯುಷಿಗಳಿದ್ದದ್ದು 153. 2024ರಲ್ಲಿ 95 ಸಾವಿರ ದಾಟಿದರು. ಖರ್ಚು ತಾಳಲಾರದೆ 2016ರಿಂದ ಬರೀ ಬೆಳ್ಳಿ ಲೇಪದ ಬಟ್ಟಲು.

● ರೈಲಿನಲ್ಲಿ 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ರಿಯಾಯಿತಿ ಇತ್ತು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 20ರಿಂದ ನಿಂತದ್ದು ಮತ್ತೆ ಬಂದಿಲ್ಲ. ಕೆಳಗಿನ ಬರ್ತ್ ಕೊಡುವ ಏರ್ಪಾಡು ಮಾತ್ರ ಉಳಿದಿದೆ.

● ಕರ್ನಾಟಕದ ಸಾರಿಗೆ ಬಸ್ಸುಗಳಲ್ಲಿ ಹಿರಿಯರಿಗೆ ಶೇ 25 ರಿಯಾಯಿತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅಜ್ಜಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲ, ಪಕ್ಕದಲ್ಲಿ ಕೂತ ಅಜ್ಜ ಮುಕ್ಕಾಲು ಪಾಲು ತೆರಬೇಕು. ಶಕ್ತಿಯಿಂದ ಹಿರಿಯ ಮಹಿಳೆಯರು ಮಗಳ ಮನೆಗೆ, ದೇವಸ್ಥಾನಕ್ಕೆ, ಆಸ್ಪತ್ರೆಗೆ ಯಾರನ್ನೂ ದುಡ್ಡು ಕೇಳದೆ ಹೋಗಿಬರುವಂತಾದದ್ದು ಸಣ್ಣ ಸಂಗತಿಯಲ್ಲ. 75 ದಾಟಿದ ಅಜ್ಜಂದಿರಿಗೂ ಅದು ಸಿಕ್ಕರೆ ಒಳ್ಳೆಯದಲ್ಲವೇ?

● ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದಾದದ್ದು 2014ರ ಸೆಪ್ಟೆಂಬರಿನಲ್ಲಿ. ಗಾರ್ಮೆಂಟ್ಸ್‌ನಲ್ಲೋ ಬೀಡಿ ಕಟ್ಟಿಯೋ ವರ್ಷಗಟ್ಟಲೆ ಪಿ.ಎಫ್. ಕಟ್ಟಿದವರ ಕನಿಷ್ಠಕ್ಕಿಂತ, ಏನೂ ಕಟ್ಟದವರ ಸಂಧ್ಯಾ ಸುರಕ್ಷಾವೇ 200 ರೂಪಾಯಿ ಹೆಚ್ಚು.

● 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ 80 ದಾಟಿದವರು ಮೊದಲ ಬಾರಿಗೆ ಮನೆಯಲ್ಲೇ ಕುಳಿತು ಮತ ಹಾಕಿದರು. 2024ರಲ್ಲಿ ಈ ವಯಸ್ಸನ್ನು 85ಕ್ಕೆ ಏರಿಸಿದರು. ಮೊದಲೇ 12ಡಿ ನಮೂನೆ ತುಂಬಿಕೊಟ್ಟರೆ ಮತಗಟ್ಟೆ ಅಧಿಕಾರಿಗಳು, ಪೊಲೀಸರು, ವಿಡಿಯೋ ಮಾಡುವವರು ಎಲ್ಲರೂ ಮನೆಗೆ ಬರುತ್ತಾರೆ. ಗುಡ್ಡ ಹತ್ತಿ, ಹೊಳೆ ದಾಟಿ ಒಂದು ಮತಕ್ಕಾಗಿ ಹೋದ ಸಿಬ್ಬಂದಿಗೆ ಕೈಮುಗಿಯಬೇಕು. ಮತ ಪಡೆಯಲು ಮನೆಗೆ ಬರಬಲ್ಲ ಸರ್ಕಾರಿ ವ್ಯವಸ್ಥೆಗೆ ಪಿಂಚಣಿಯನ್ನೂ ಮಾತ್ರೆಯನ್ನೂ ಮನೆಗೆ ತರುವ ಶಕ್ತಿ ಖಂಡಿತ ಇದೆ.

● ಬ್ಯಾಂಕೂ ಮನೆಗೆ ಬರಬೇಕು. 70 ದಾಟಿದವರ ಮನೆಗೇ ಹೋಗಿ ನಗದು ಕೊಡುವುದು, ಪಡೆಯುವುದು, ಜೀವಂತ ಪ್ರಮಾಣಪತ್ರ ತೆಗೆದುಕೊಳ್ಳುವುದು, ಇವನ್ನು ಮಾಡಿ ಎಂದು ರಿಸರ್ವ್ ಬ್ಯಾಂಕು 2017ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಶಾಖೆಯಲ್ಲಿ ಕೇಳಿ. ಹಳ್ಳಿಗಳಲ್ಲಿ ಪೋಸ್ಟ್‌ಮ್ಯಾನ್ ತರುವ ಯಂತ್ರದಲ್ಲಿ ಹೆಬ್ಬೆಟ್ಟೊತ್ತಿ, ಆಧಾರ್ ಜೋಡಣೆಯಾದ ಯಾವ ಬ್ಯಾಂಕಿನ ಖಾತೆಯಿಂದಲಾದರೂ ಹಣ ತೆಗೆಯಬಹುದು.

● ನಿವೃತ್ತ ನೌಕರರು ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ರುಜುವಾತು ಕೊಡಬೇಕಲ್ಲ, 80 ದಾಟಿದ ಕೇಂದ್ರ ಪಿಂಚಣಿದಾರರು ಅದನ್ನು ಅಕ್ಟೋಬರ್ 1ರಿಂದಲೇ ಕೊಡಬಹುದು. ದುಡಿದು ದುಡಿದು ಬೆರಳಿನ ಗೆರೆ ಸವೆದು ಯಂತ್ರ ಒಪ್ಪದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿಯೂ ಜೀವನ್ ಪ್ರಮಾಣ್ ಪಡೆಯಬಹುದು.

● ನಡೆಯಲು ಕೋಲು, ಗಾಲಿಕುರ್ಚಿ, ಕನ್ನಡಕ, ಶ್ರವಣಯಂತ್ರ, ಹಲ್ಲಿನ ಸೆಟ್ಟು, ಇವು ಬಡ ಹಿರಿಯರಿಗೆ ಉಚಿತ. ರಾಷ್ಟ್ರೀಯ ವಯೋಶ್ರೀ ಯೋಜನೆ 2017ರ ಏಪ್ರಿಲ್ 1ರಂದು ನೆಲ್ಲೂರಿನಲ್ಲಿ ಆರಂಭವಾಯಿತು. ಶಿಬಿರ ನಡೆಸಿ ಅಳತೆ ತೆಗೆದುಕೊಂಡು, ಆಮೇಲೆ ಸಾಧನ ಕೊಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಶಿಬಿರ ಯಾವಾಗ ಎಂದು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

● ಒಂಟಿಯಾಗಿರುವ ಹಿರಿಯರ ಪಟ್ಟಿ ಪ್ರತಿ ಪೊಲೀಸ್ ಠಾಣೆಯಲ್ಲೂ ಇರಬೇಕು, ತಿಂಗಳಿಗೆ ಒಮ್ಮೆಯಾದರೂ ಅವರನ್ನು ಕಂಡು ಬರಬೇಕು ಎನ್ನುತ್ತವೆ 2007ರ ಕಾಯ್ದೆಯಡಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳು. ನಿಮ್ಮ ಬೀದಿಯಲ್ಲಿ ಅಂಥವರಿದ್ದರೆ ಠಾಣೆಗೆ ಹೋಗಿ ಹೆಸರು ಬರೆಸಿ. ಬೆಂಗಳೂರು ಪೊಲೀಸರು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜೊತೆ ಸೇರಿ ಹಿರಿಯರಿಗೆಂದೇ 1090 ಸಹಾಯವಾಣಿಯನ್ನು 2002ರಲ್ಲೇ ತೆರೆದರು. ದೇಶದ ಸಹಾಯವಾಣಿ ಬಂದದ್ದು ಅದಕ್ಕಿಂತ ಎಷ್ಟೋ ವರ್ಷ ತಡವಾಗಿ.

● ಆ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಕರೆ ಉಚಿತ. ಪಿಂಚಣಿ ನಿಂತಿದೆ, ಎಸಿ ಕಚೇರಿಗೆ ಅರ್ಜಿ ಬರೆಯುವುದು ಹೇಗೆ ಗೊತ್ತಿಲ್ಲ, ಬಸ್ ನಿಲ್ದಾಣದಲ್ಲಿ ಯಾರೋ ಅಜ್ಜನನ್ನು ಬಿಟ್ಟುಹೋಗಿದ್ದಾರೆ, ಮನೆಯಲ್ಲಿ ಹೊಡೆಯುತ್ತಾರೆ, ಯಾವುದಕ್ಕೂ ಕರೆ ಮಾಡಬಹುದು. ಮಾತಾಡಲು ಯಾರೂ ಇಲ್ಲ ಎಂದರೂ ಸರಿ, ಅದನ್ನೂ ಕೇಳಿಸಿಕೊಳ್ಳುತ್ತಾರೆ. ಪಕ್ಕದ ಮನೆಯ ಹಿರಿಯರ ಪರವಾಗಿ ನೀವೂ ಮಾಡಬಹುದು. ಅವರ ಫೋನಿನಲ್ಲಿ ಈ ಐದು ಅಂಕಿಗಳನ್ನು ಉಳಿಸಿಕೊಟ್ಟು, ಒತ್ತುವುದು ಹೇಗೆಂದು ಒಮ್ಮೆ ತೋರಿಸಿಕೊಡಿ.